ನೇತ್ರಾಣಿ ಸ್ಕೂಬಾ: ಡೈವ್ ಚೆನ್ನಾಗಿತ್ತು, ಆದರೆ ಆ ಹವಳದ ತುಂಡು ಕೊಡಬಾರದಿತ್ತು

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಡಿಸೆಂಬರ್‌ನಲ್ಲಿ ನಾನು, ಅಕ್ಕ, ಅವಳ 12 ವರ್ಷದ ಮಗ ಶಿರಸಿಯಿಂದ ಮುರ್ಡೇಶ್ವರಕ್ಕೆ ಹೋಗಿ ಅಲ್ಲಿಂದ ನೇತ್ರಾಣಿ ದ್ವೀಪದ ಬಳಿ ಡೈವ್ ಮಾಡಿ ಬಂದೆವು. ಡೈವಿಂಗ್ ಸೆಂಟರ್ ಹೆಸರು ಹಾಕುವುದಿಲ್ಲ. ಅಲ್ಲಿನ ಹುಡುಗರ ಕೆಲಸಕ್ಕೆ ಕುತ್ತು ಬರುವುದು ನನಗೆ ಬೇಡ.

ದಡದಿಂದ ದ್ವೀಪಕ್ಕೆ ಸುಮಾರು 19 ಕಿ.ಮೀ. ಬೋಟಿನಲ್ಲಿ ಒಂದೂವರೆ ಗಂಟೆ ಹಿಡಿಯಿತು. ಅಕ್ಕನಿಗೆ ವಾಂತಿ ಆಯಿತು, ಹೊಟ್ಟೆ ತುಂಬಾ ತಿಂದು ಹೋಗಬೇಡಿ. ನಮಗೆ ಮೂವರಿಗೂ ಈಜು ಅಷ್ಟಕ್ಕಷ್ಟೇ, ಆದರೂ ಹೆದರಿಕೆ ಆಗಲಿಲ್ಲ. ಒಬ್ಬೊಬ್ಬರಿಗೆ ಒಬ್ಬೊಬ್ಬ ಇನ್‌ಸ್ಟ್ರಕ್ಟರ್ ಇದ್ದರು. ಮೂಗು ಹಿಡಿದು ಗಾಳಿ ಒತ್ತಿ ಕಿವಿ ಬಿಡಿಸಿಕೊಳ್ಳುವುದನ್ನು ತಾಳ್ಮೆಯಿಂದ ಕಲಿಸಿದರು. ನೀರೊಳಗೆ ಹೆಬ್ಬೆರಳು ಎತ್ತಿದರೆ "ಚೆನ್ನಾಗಿದೆ" ಅಂತ ಅಲ್ಲ, "ಮೇಲೆ ಹೋಗೋಣ" ಅಂತ. ನಾನು ಎರಡು ಸಲ ಮರೆತು ಎತ್ತಿದೆ, ಅವರು ಎರಡು ಸಲವೂ ನಿಂತು ಕೇಳಿದರು. ಕೆಳಗೆ ಕಂಡ ಗಿಳಿಮೀನು, ಬಂಡೆ ತುಂಬಾ ಹವಳ, ತಲೆ ಮೇಲೆ ತೇಲಿ ಹೋದ ಮೀನಿನ ಹಿಂಡು, ಇದನ್ನೆಲ್ಲಾ ಬರೆದು ಮುಗಿಸಲು ಆಗುವುದಿಲ್ಲ.

ಈಗ ಬೇಸರದ ವಿಷಯ. ವಾಪಸ್ ಹೊರಟು ಅರ್ಧ ದಾರಿ ಬಂದಿದ್ದೆವು. ಅಳಿಯ ನನ್ನ ಪಕ್ಕ ಬಂದು ಮುಷ್ಟಿ ಬಿಚ್ಚಿದ. ಬಿಳಿ ಹವಳದ ತುಂಡು, ಸಣ್ಣ ಸಣ್ಣ ನಕ್ಷತ್ರದಂಥ ತೂತುಗಳು. ಬೋಟಿನ ಹುಡುಗ "ನೆನಪಿಗೆ ಇಟ್ಕೋ" ಅಂತ ಕೊಟ್ಟನಂತೆ. "ಮಾವ, ಇದು ಸತ್ತಿದ್ದಲ್ವಾ? ಇಟ್ಕೊಂಡರೆ ಏನಾಗುತ್ತೆ?"

ಒಳ್ಳೆಯ ಪ್ರಶ್ನೆ, ಆಮೇಲೆ ಸೆಂಟರಿನವರೂ ಫೋನಿನಲ್ಲಿ ನನಗೆ ಇದನ್ನೇ ಕೇಳಿದರು. ಆಗುತ್ತದೆ. ಸತ್ತ ಹವಳದ ಮೇಲೆಯೇ ಹೊಸ ಹವಳದ ಮರಿ ಬಂದು ಅಂಟಿಕೊಂಡು ಬೆಳೆಯುತ್ತದೆ, ಅದರ ಸಂದಿಯಲ್ಲೇ ಸಣ್ಣ ಮೀನು, ಏಡಿ ಅಡಗುತ್ತವೆ. ಖಾಲಿ ಶಂಖವೂ ಹಾಗೆಯೇ, ಸ್ವಂತ ಚಿಪ್ಪಿಲ್ಲದ ಏಡಿಗೆ ಅದೇ ಮನೆ, ಅದು ದೊಡ್ಡದಾದಾಗ ಇನ್ನೂ ದೊಡ್ಡ ಶಂಖ ಹುಡುಕಬೇಕು. ಬಂಡೆಯಂಥ ಹವಳ ವರ್ಷಕ್ಕೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅವನ ಕೈಯಲ್ಲಿದ್ದ ತುಂಡು ಬೆಳೆಯಲು ಹಲವು ವರ್ಷ ಬೇಕಾಗಿರಬಹುದು. ಇಷ್ಟು ಹೇಳಿದ್ದಕ್ಕೆ ಅವನು ಸುಮ್ಮನಾದ.

ಕಾನೂನೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಗೆ 2001ರಲ್ಲಿ ಹವಳಗಳನ್ನೂ ಸೇರಿಸಿದರು. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ಸತ್ತಿದ್ದು ಅಂದರೆ ಬಿಡುವುದಿಲ್ಲ. ಅಂದರೆ ಆ ಹುಡುಗ ಪ್ರೀತಿಯಿಂದಲೇ ಕೊಟ್ಟಿದ್ದು ನಿಜ, ಆದರೆ ಮಗುವಿನ ಕೈಗೆ ಕೇಸ್ ಆಗುವಂಥ ವಸ್ತು ಕೊಟ್ಟ ಹಾಗಾಯಿತು.

ಅಕ್ಕ ಒಂದು ಮಾತು ಕೇಳಿದಳು, ಅದು ಇನ್ನೂ ತಲೆಯಲ್ಲಿದೆ. "ನಮ್ಮ ದೇವರ ಮನೆಯ ಶಂಖ ಎಲ್ಲಿಂದ ಬಂತು? ಚೌಕಾಬಾರದ ಕವಡೆ?" ಹೌದು, ಅವೂ ಸಮುದ್ರದ್ದೇ. ಅಘನಾಶಿನಿ ನದಿ ಸಮುದ್ರ ಸೇರುವಲ್ಲಿ ಇಳಿತದ ಹೊತ್ತಿಗೆ ಚಿಪ್ಪಿಕಲ್ಲು ಹೆಕ್ಕುವವರೂ ನೀರಿನಿಂದಲೇ ತೆಗೆಯುತ್ತಾರೆ. ಅದು ಅವರ ಊಟ, ಅವರ ಸಂಪಾದನೆ, ಅವರನ್ನು ನಾನು ಬೈಯುವುದಿಲ್ಲ. ನಮ್ಮದು ಬೇರೆ ಅಲ್ವಾ? ನಾವು ಒಂದು ದಿನ ನೋಡಲು ಹೋದವರು. ಶೋಕೇಸಿನಲ್ಲಿ ಇಟ್ಟು ಎರಡು ತಿಂಗಳಿಗೆ ಮರೆಯುವ ವಸ್ತುವಿಗೋಸ್ಕರ ಅಲ್ಲಿಂದ ಕಿತ್ತು ತರಬಾರದು. ಒಂದು ಸೀಸನ್‌ಗೆ ಎಷ್ಟು ಬೋಟು ಅಲ್ಲಿಗೆ ಹೋಗುತ್ತವೆ, ಪ್ರತಿಯೊಬ್ಬರೂ ಒಂದೊಂದು ಚೂರು ತಂದರೆ ಅಷ್ಟು ಸಣ್ಣ ದ್ವೀಪದ ಸುತ್ತ ಏನು ಉಳಿಯುತ್ತದೆ?

ಬೋಟು ತಿರುಗಿಸಿ ಅಂತ ಕೇಳಿದೆ, ಡೀಸೆಲ್, ಟೈಮು ಅಂತ ಒಪ್ಪಲಿಲ್ಲ. ಕೊನೆಗೆ ಅಳಿಯನೇ ಅದನ್ನು ಅಲ್ಲೇ ನೀರಿಗೆ ಬಿಟ್ಟ. ಅದು ಅದರ ಜಾಗ ಅಲ್ಲ ಅಂತ ನನಗೂ ಗೊತ್ತು, ಅವನಿಗೂ ಗೊತ್ತು.

ಸೆಂಟರಿನವರು "ಕಸ್ಟಮರ್ ಖುಷಿಯಾಗಿರಲಿ ಅಂತ ಕೊಡ್ತಾರೆ ಸರ್" ಅಂದರು. ಅರ್ಧ ಗಂಟೆ ಕಿವಿ, ಮಾಸ್ಕ್, ಕೈಸನ್ನೆ ಎಲ್ಲಾ ಹೇಳಿಕೊಡುವವರು "ಏನೂ ಮುಟ್ಟಬೇಡಿ, ಏನೂ ತರಬೇಡಿ" ಅನ್ನಲು ಒಂದು ನಿಮಿಷ ಕೊಡಬಹುದಿತ್ತು. ಅದೇ ದಿನ ನನ್ನ ಇನ್‌ಸ್ಟ್ರಕ್ಟರ್ ಬಂಡೆಗೆ ಸುತ್ತಿಕೊಂಡಿದ್ದ, ಮೀನು ಹಿಡಿಯುವ ತಂಗೂಸಿ ದಾರವನ್ನು ಚಾಕುವಿನಿಂದ ಬಿಡಿಸಿ ಜೇಬಿಗೆ ಹಾಕಿಕೊಂಡು ಮೇಲೆ ತಂದರು. ಯಾರೂ ಹೇಳಿರಲಿಲ್ಲ. ಅವರಿಗೆ ನನ್ನ ಕಡೆಯಿಂದ ಪೂರ್ತಿ 5 ಸ್ಟಾರ್.

ಸೆಂಟರಿಗೆ 3. ಅಳಿಯ ಮತ್ತೆ ಹೋಗಬೇಕು ಅನ್ನುತ್ತಿದ್ದಾನೆ. ಅಕ್ಟೋಬರ್‌ನಲ್ಲಿ ಸೀಸನ್ ಶುರುವಾದಾಗ ಫೋನ್ ಮಾಡಿ, ರೇಟು ಕೇಳುವ ಮೊದಲು "ಏನೂ ಮುಟ್ಟಬೇಡಿ, ಏನೂ ತರಬೇಡಿ ಅಂತ ಹೇಳ್ತೀರಾ?" ಅಂತ ಕೇಳುತ್ತೇನೆ. ನೀವೂ ಕೇಳಿ.