ನಿಮ್ಮ ಗೈಡ್ ಮಾತುಕತೆಯನ್ನು ರೆಕಾರ್ಡ್ ಮಾಡುತ್ತಿದ್ದರೆ ಇದನ್ನು ಓದಿ

ಪಿಎಚ್‌ಡಿಗೆ ಸೇರಿದವರು, ಸೇರಲಿರುವವರು, ಅದರಲ್ಲೂ ಉನ್ನತ ಶಿಕ್ಷಣದ ಬೋಧನೆಯ ಮೇಲೆಯೇ ಸಂಶೋಧನೆ ಮಾಡುವ ಗೈಡ್ ಸಿಕ್ಕರೆಂದು ಖುಷಿಯಲ್ಲಿರುವವರು ದಯವಿಟ್ಟು ಪೂರ್ತಿ ಓದಿ. ನನ್ನ ಗೈಡ್ ನನ್ನನ್ನೇ ತಮ್ಮ ಸಂಶೋಧನೆಯ ಸಾಮಗ್ರಿ ಮಾಡಿಕೊಂಡರು. ಕೇಳಲಿಲ್ಲ, ಹೇಳಲಿಲ್ಲ, ಲೇಖನ ಅಚ್ಚಾಗಿಯೂ ಆಯಿತು. ಸಿಟ್ಟು ಇನ್ನೂ ಇಳಿದಿಲ್ಲ, ಹೇಳಿದ್ದನ್ನೇ ಮತ್ತೆ ಹೇಳಿದರೆ ಸಹಿಸಿಕೊಳ್ಳಿ.

ಅವರ ಹೆಸರನ್ನು ಇಲ್ಲಿ ಹಾಕುವುದಿಲ್ಲ. ಸಂಶೋಧನಾ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುವುದು ಹೇಗೆಂದು ಬೇರೆ ಗೈಡ್‌ಗಳಿಗೆ ಕಾರ್ಯಾಗಾರ ನಡೆಸುವವರು ಅವರು, ಇಷ್ಟು ಸಾಕು.

ಗೈಡ್ ಜೊತೆಗಿನ ಭೇಟಿ ಎಂದರೆ ಹೇಗಿರುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಕರಡು ಒಪ್ಪಿಸುತ್ತೇವೆ, ಬೈಸಿಕೊಳ್ಳುತ್ತೇವೆ, ತಿದ್ದಿಕೊಂಡು ಬರುತ್ತೇವೆ. ಇವರು ಮೇಜಿನ ಮೇಲೆ ಫೋನ್ ಇಟ್ಟು ರೆಕಾರ್ಡ್ ಮಾಡುತ್ತಿದ್ದರು. "ನಿನಗೇ ಅನುಕೂಲ, ಆಮೇಲೆ ಕೇಳಿಕೊಂಡು ತಿದ್ದಬಹುದು" ಎಂದರು. ಆ ಧ್ವನಿಮುದ್ರಣ ಒಮ್ಮೆಯೂ ನನ್ನ ಕೈಗೆ ಬರಲಿಲ್ಲ. ಕೇಳಿದಾಗಲೆಲ್ಲ "ಕಳಿಸುತ್ತೇನಮ್ಮಾ" ಎನ್ನುತ್ತಿದ್ದರು. ಸಾಲದ್ದಕ್ಕೆ ಪ್ರತಿ ತಿಂಗಳು ಒಂದು ಟಿಪ್ಪಣಿ ಬರೆದು ಕಳಿಸಬೇಕಿತ್ತು: ಸಂಶೋಧನೆ ಹೇಗೆ ಸಾಗುತ್ತಿದೆ, ಮನಸ್ಸಿನಲ್ಲಿ ಏನಿದೆ ಎಂದು. ನಾನು ಬರೆದೆ. ಸಾಹಿತ್ಯ ಸಮೀಕ್ಷೆಯ ಅಧ್ಯಾಯ ಪುಟದ ತುಂಬ ಕೆಂಪು ಗುರುತುಗಳೊಂದಿಗೆ ಹಿಂದಿರುಗಿದಾಗ ಆ ಕಡತವನ್ನು ತೆರೆಯಲೂ ಧೈರ್ಯ ಬರಲಿಲ್ಲ ಎಂದು ಬರೆದೆ. ಪಿಎಚ್‌ಡಿ ಬಿಟ್ಟುಬಿಡೋಣ ಎನ್ನಿಸುತ್ತಿದೆ ಎಂದೂ ಬರೆದೆ. ಗೈಡ್‌ಗಲ್ಲದೆ ಇನ್ನಾರಿಗೆ ಹೇಳಬೇಕಿತ್ತು?

ನನ್ನ ವಿಷಯ ವಿಶ್ವವಿದ್ಯಾಲಯದ ಅಧ್ಯಾಪಕರು ವಿದ್ಯಾರ್ಥಿಗಳ ಬರಹಕ್ಕೆ ಕೊಡುವ ಪ್ರತಿಕ್ರಿಯೆ. ಅದಕ್ಕಾಗಿ ಹೊಸ ಲೇಖನಗಳನ್ನು ಹುಡುಕುತ್ತಿದ್ದಾಗ ಸರ್ ಅವರದೇ ಒಂದು ಲೇಖನ ಸಿಕ್ಕಿತು. ಉಲ್ಲೇಖಿಸಿದರೆ ಅವರಿಗೂ ಸಂತೋಷವಾದೀತೆಂದು ಓದತೊಡಗಿದೆ. ನಾಚಿಕೆಯಾಗುವ ಭಾಗ ಇದು. ಅದರಲ್ಲಿ ‘ವಿದ್ಯಾರ್ಥಿ ಬಿ’ ಹೇಳಿದ ಒಂದು ಮಾತು ಬಹಳ ಹಿಡಿಸಿತು. ಹಳದಿ ಬಣ್ಣ ಬಳಿದು, ‘ಒಳ್ಳೆಯ ಉದಾಹರಣೆ, ನಾಲ್ಕನೆಯ ಅಧ್ಯಾಯಕ್ಕೆ ಬಳಸಬೇಕು’ ಎಂದು ಪಕ್ಕದಲ್ಲಿ ಗುರುತು ಹಾಕಿದೆ. ಮುಂದಿನ ಪುಟದಲ್ಲಿ ಕೆಂಪು ಗುರುತುಗಳ ಕಡತ ಬಂತು. ತೆರೆಯಲು ಧೈರ್ಯವಿಲ್ಲದ ವಿದ್ಯಾರ್ಥಿ ಬಂದಳು. ಅದು ನಾನು. ನನ್ನದೇ ಮಾತಿಗೆ ನಾನೇ ಬಣ್ಣ ಬಳಿದಿದ್ದೆ! ಅದರ ಕೆಳಗೆ ಸರ್ ಅವರ ವಿಶ್ಲೇಷಣೆ: ವಿದ್ಯಾರ್ಥಿ ಬಿ ಇನ್ನೂ ಅವಲಂಬನೆಯ ಹಂತವನ್ನು ದಾಟಿಲ್ಲ, ಆಕೆಗೆ ಸ್ವತಂತ್ರ ವಿದ್ವಾಂಸಳ ದನಿ ಮೂಡಿಲ್ಲ.

ಸಂಶೋಧನಾ ವಿಧಾನದ ಭಾಗದಲ್ಲಿ ಇನ್ನೊಂದು ವಾಕ್ಯವಿತ್ತು: ಭಾಗವಹಿಸಿದ ಎಲ್ಲರಿಂದಲೂ ಒಪ್ಪಿಗೆ ಪಡೆಯಲಾಗಿದೆ. ಯಾರಿಂದ? ಯಾವಾಗ?

ಇದೇ ಮಹನೀಯರು ನನ್ನ ಒಪ್ಪಿಗೆ ಪತ್ರವನ್ನು ವಾಪಸ್ ಕಳಿಸಿದ್ದರು. ನಾನು ಸಂದರ್ಶಿಸಬೇಕಿದ್ದ ಅಧ್ಯಾಪಕರಿಗಾಗಿ ಸಿದ್ಧಪಡಿಸಿದ್ದ ಪತ್ರ ಅದು. "ಯಾವಾಗ ಬೇಕಾದರೂ ಹಿಂದೆ ಸರಿಯಬಹುದು ಎಂಬ ಸಾಲು ಎಲ್ಲಿ?" ಎಂದು ಗದರಿದ್ದರು. ಮನುಷ್ಯರ ಮೇಲಿನ ಪ್ರಯೋಗಗಳಿಗೆ ನೀತಿ ಹಾಕಿಕೊಟ್ಟ 1947ರ ನ್ಯೂರೆಂಬರ್ಗ್ ಸಂಹಿತೆಯಲ್ಲಿ ಸ್ವಇಚ್ಛೆಯ ಒಪ್ಪಿಗೆಯೇ ಮೊದಲ ಅಂಶ ಎಂದು ನಮಗೆ ಪಾಠ ಮಾಡಿದವರು ಅವರು. ಸಂಶೋಧನೆಯಲ್ಲಿ ಭಾಗವಹಿಸುವವರ ರಕ್ಷಣೆಗೆಂದು ಅಮೆರಿಕದಲ್ಲಿ ಬಂದ 1979ರ ಬೆಲ್ಮಾಂಟ್ ವರದಿಯನ್ನು ಓದಿಸಿದವರು ಅವರು. ವೈದ್ಯಕೀಯ ಸಂಶೋಧನೆಯ ಹೆಲ್ಸಿಂಕಿ ಘೋಷಣೆಯನ್ನು ವಿವರಿಸುತ್ತ, ರೋಗಿ ತನ್ನ ವೈದ್ಯರನ್ನೇ ಅವಲಂಬಿಸಿದ್ದರೆ ಒಪ್ಪಿಗೆಯನ್ನು ಆ ಸಂಬಂಧದಿಂದ ಹೊರಗಿರುವ ಇನ್ನೊಬ್ಬರು ಕೇಳಬೇಕು, ಗೈಡ್ ಮತ್ತು ವಿದ್ಯಾರ್ಥಿಯ ವಿಷಯದಲ್ಲೂ ಅಷ್ಟೇ ಎಂದು ಹೇಳಿದವರೂ ಅವರೇ. ಅದನ್ನು ಶ್ರದ್ಧೆಯಿಂದ ಬರೆದುಕೊಂಡವಳು ನಾನು.

ಇಮೇಲ್ ಬರೆದೆ. ಉತ್ತರವಿಲ್ಲ. ಮತ್ತೆ ಬರೆದಾಗ ಒಂದೇ ಸಾಲು: "ಬಂದು ಮಾತಾಡು." ಹೋದೆ. ಅವರ ಫೋನ್ ಈ ಸಲ ಜೇಬಿನಲ್ಲಿತ್ತು.

"ನೋಡಮ್ಮಾ, ನಿನ್ನ ಹೆಸರು ಎಲ್ಲಿದೆ ತೋರಿಸು" ಎಂದರು. ಹೆಸರಿಲ್ಲ, ನಿಜ. ವಿಭಾಗ ಯಾವುದೆಂದು ಇದೆ, ಸಂಶೋಧನೆಯ ಎಷ್ಟನೆಯ ವರ್ಷ ಎಂದಿದೆ, ವಿಷಯವೂ ಇದೆ. ಅವರ ಬಳಿ ಇರುವುದೇ ಬೆರಳೆಣಿಕೆಯ ವಿದ್ಯಾರ್ಥಿಗಳು. ಲೇಖನ ಓದಿದ ಜೊತೆಯವಳೊಬ್ಬಳು ಮೆಲ್ಲಗೆ "ಬಿ ಎಂದರೆ ನೀನೇ ಅಲ್ಲವೇ?" ಎಂದು ಕೇಳಿಯೂ ಆಗಿತ್ತು.

"ಇದು ಸಂಶೋಧನೆಯೇ ಅಲ್ಲ, ನನ್ನ ಬೋಧನೆಯ ಬಗ್ಗೆ ನನ್ನ ಆತ್ಮಾವಲೋಕನ" ಎಂದರು. ಹಾಗಿದ್ದರೆ ಸಂಶೋಧನಾ ಪತ್ರಿಕೆಯಲ್ಲಿ ಏಕೆ ಬಂತು ಸರ್, ಸಂಶೋಧನಾ ವಿಧಾನ ಎಂಬ ಭಾಗ ಏಕಿದೆ ಎಂದು ಕೇಳಿದೆ. ಅದಕ್ಕೆ ಅಮೆರಿಕದ ಶಿಕ್ಷಣತಜ್ಞ ಅರ್ನೆಸ್ಟ್ ಬಾಯರ್ ಹೆಸರು ತಂದರು. ಬೋಧನೆಯೂ ವಿದ್ವತ್ತಿನ ಒಂದು ರೂಪ ಎಂದು 1990ರಲ್ಲಿ ಬಾಯರ್ ವಾದಿಸಿದರು, ಸರಿ. ಆ ಮೇಲೆ ಅಧ್ಯಾಪಕರು ತಮ್ಮ ತರಗತಿಗಳನ್ನೇ ಅಧ್ಯಯನ ಮಾಡುವುದು ಬೆಳೆಯಿತು, ಅದೂ ಒಳ್ಳೆಯದೇ. ಆ ಕ್ಷೇತ್ರದಲ್ಲೇ ನಾನೂ ಇದ್ದೇನೆ. ತಮ್ಮ ಬೋಧನೆಯನ್ನು ಪರೀಕ್ಷಿಸಲಿ, ಬೇಡವೆಂದವರು ಯಾರು? ನನ್ನ ಅಳುವನ್ನು ಕೋಷ್ಟಕದಲ್ಲಿ ಹಾಕುವ ಮುನ್ನ ಒಂದು ಮಾತು ಕೇಳಬೇಕಿತ್ತು, ಅಷ್ಟೇ.

"ರೆಕಾರ್ಡ್ ಮಾಡುವಾಗ ನೀನು ಬೇಡ ಎನ್ನಲಿಲ್ಲವಲ್ಲ." ಈ ಮಾತಿಗೆ ನಾನು ಮೂಕಳಾದೆ. ಮಹಾಪ್ರಬಂಧಕ್ಕೆ ಸಹಿ ಹಾಕಬೇಕಾದವರು ಎದುರಿಗೆ ಕುಳಿತು ಫೋನ್ ಇಟ್ಟರೆ ಬೇಡ ಎನ್ನುವ ವಿದ್ಯಾರ್ಥಿ ಎಲ್ಲಿದ್ದಾಳೆ? ಬೇಡ ಎನ್ನಲಾಗದ ಕಡೆ ಸುಮ್ಮನಿದ್ದದ್ದು ಒಪ್ಪಿಗೆಯಲ್ಲ. ಇದನ್ನೂ ಅವರ ತರಗತಿಯಲ್ಲೇ ಕಲಿತದ್ದು, ಕರ್ಮ.

ಬಾಗಿಲವರೆಗೆ ಬಂದು ನಗುತ್ತಲೇ ಹೇಳಿದರು: "ಸಂತೋಷಪಡಬೇಕು ನೀನು. ಸಲ್ಲಿಕೆ ಹತ್ತಿರ ಬರುತ್ತಿದೆ, ಅದರ ಕಡೆ ಗಮನ ಕೊಡು." ಇದು ಹಿತವಚನವೋ ಬೆದರಿಕೆಯೋ, ನೀವೇ ಹೇಳಿ.

ಈಗ ನಿಮಗೆ. ಗೈಡ್ ರೆಕಾರ್ಡ್ ಮಾಡಿದರೆ ಅದು ಯಾವುದಕ್ಕೆ, ಯಾರ ಬಳಿ ಇರುತ್ತದೆ, ಯಾವಾಗ ಅಳಿಸುತ್ತಾರೆ ಎಂದು ಇಮೇಲ್‌ನಲ್ಲಿ ಕೇಳಿ, ಬಾಯಿಮಾತಿನ ಉತ್ತರ ಬೇಡ. ಪ್ರತಿಯನ್ನು ಅದೇ ದಿನ ಪಡೆಯಿರಿ. ತಿಂಗಳ ಟಿಪ್ಪಣಿ ಬರೆಯಲೇಬೇಕೆಂದರೆ ಅಧ್ಯಾಯದ ಪ್ರಗತಿ ಬರೆಯಿರಿ, ಮನಸ್ಸಿನಲ್ಲಿರುವುದನ್ನು ಗೆಳತಿಗೆ ಹೇಳಿಕೊಳ್ಳಿ. ಸೇರುವ ಮೊದಲೇ ಅವರ ಹಳೆಯ ಲೇಖನಗಳನ್ನು ಓದಿ, ‘ವಿದ್ಯಾರ್ಥಿ ಎ’ಗಳು, ‘ವಿದ್ಯಾರ್ಥಿ ಬಿ’ಗಳು ಸಾಲುಗಟ್ಟಿದ್ದರೆ ಆ ವಿದ್ಯಾರ್ಥಿಗಳನ್ನು ಹುಡುಕಿ ಮಾತಾಡಿಸಿ. ನಾನು ಅವರ ಕಾರ್ಯಾಗಾರದ ಭಾಷಣ ಕೇಳಿ ಮರುಳಾದವಳು.

ನೈತಿಕತಾ ಸಮಿತಿಗೂ ಪತ್ರಿಕೆಯ ಸಂಪಾದಕರಿಗೂ ದೂರು ಕೊಟ್ಟಿದ್ದೇನೆ. ಸಮಿತಿ ಅವರಿಂದ ಒಪ್ಪಿಗೆ ಪತ್ರಗಳನ್ನು ಕೇಳಿದೆ. "ಮೌಖಿಕ ಒಪ್ಪಿಗೆ ಇತ್ತು" ಎಂದು ಉತ್ತರ ಬಂದಿದೆಯಂತೆ. ಮೊನ್ನೆ ನನಗೂ ಅವರಿಂದ ಒಂದು ಇಮೇಲ್ ಬಂತು. ದೂರು ಹಿಂದಕ್ಕೆ ತೆಗೆದುಕೊಂಡರೆ ಮುಂದಿನ ಲೇಖನದಲ್ಲಿ ನನ್ನನ್ನು ಸಹಲೇಖಕಿ ಮಾಡುತ್ತಾರಂತೆ. ಅದನ್ನೂ ಸಮಿತಿಗೆ ಕಳಿಸಿದ್ದೇನೆ.