ಎಂ-ಚಾಟ್ ಮತ್ತು ಐಎಸ್‌ಎಎ: ಆಟಿಸಂ ಅನುಮಾನ ಬಂದಾಗ ಯಾವುದು?

16ರಿಂದ 30 ತಿಂಗಳ ಮಗು ಹೆಸರು ಹಿಡಿದು ಕರೆದರೂ ತಿರುಗುವುದಿಲ್ಲ, ಬೇಕಾದದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ ಎಂಬ ಚಿಂತೆಯಿದ್ದರೆ, ಪೋಷಕರು ಹೌದು ಅಥವಾ ಇಲ್ಲ ಎಂದು ಉತ್ತರಿಸಬೇಕಾದ 20 ಪ್ರಶ್ನೆಗಳ, ಆಟಿಸಂ ಸಾಧ್ಯತೆ ಗುರುತಿಸುವ ಪಟ್ಟಿಯಾದ ಪರಿಷ್ಕೃತ ಎಂ-ಚಾಟ್‌ನಿಂದ ಆರಂಭಿಸುವುದು ಸೂಕ್ತ. ಆದರೆ ಅದು ಜರಡಿಯೇ ಹೊರತು ರೋಗನಿರ್ಣಯವಲ್ಲ.

ಸಿಕಂದರಾಬಾದಿನಲ್ಲಿರುವ ಬೌದ್ಧಿಕ ಅಂಗವಿಕಲರ ರಾಷ್ಟ್ರೀಯ ಸಂಸ್ಥೆ ರೂಪಿಸಿದ, ಆಟಿಸಂ ಅಳೆಯುವ ಭಾರತೀಯ ಮಾಪಕವಾದ ಐಎಸ್‌ಎಎ ಬೇರೆ ಬಗೆಯದು. ಇಲ್ಲಿ ತರಬೇತಿ ಪಡೆದ ತಜ್ಞರು ಮಗುವನ್ನು ಸ್ವತಃ ಗಮನಿಸಿ, ಪೋಷಕರನ್ನು ವಿಚಾರಿಸಿ, 40 ಅಂಶಗಳಿಗೆ ತಲಾ 1ರಿಂದ 5ರವರೆಗೆ ಅಂಕ ನೀಡುತ್ತಾರೆ. ಒಟ್ಟು 70 ಮುಟ್ಟಿದರೆ ಆಟಿಸಂ ಎಂದು ಪರಿಗಣಿಸಲಾಗುತ್ತದೆ. ಯಾವ ಲಕ್ಷಣವೂ ಇಲ್ಲದ ಮಗುವಿಗೂ 40 ಅಂಕ ಬೀಳುವುದರಿಂದ ಬರೀ ಸಂಖ್ಯೆ ನೋಡಿ ಗಾಬರಿಯಾಗಬೇಕಿಲ್ಲ. ಅಂಗವೈಕಲ್ಯ ಪ್ರಮಾಣಪತ್ರ ಬೇಕಾದವರಿಗೆ ಎಂ-ಚಾಟ್ ಸಾಲದು, ಐಎಸ್‌ಎಎ ಮೌಲ್ಯಮಾಪನವನ್ನೇ ಮಾಡಿಸಬೇಕು.