ಹಳೇ ಲ್ಯಾಪ್‌ಟಾಪಿನ ಪರದೆ ಕತ್ತಲಾದರೆ ಫ್ಯೂಸಿಗೆ ತಂತಿ ಹಾಕಬೇಡಿ

ಕೆಟ್ಟ ಲ್ಯಾಪ್‌ಟಾಪಿನ ಪರದೆ ಬಿಚ್ಚಿ ಮಾನಿಟರ್ ಮಾಡಿಕೊಳ್ಳಲು ಹೊರಟವರು ದಯವಿಟ್ಟು ಇದನ್ನು ಓದಿ ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿರಿ. ಉಳಿಸಿಕೊಳ್ಳಬಹುದಾಗಿದ್ದ ಪ್ಯಾನೆಲ್ ಒಂದನ್ನು ನಾನು ಕೈಯಾರೆ ಸುಟ್ಟೆ.

ಅಣ್ಣನ ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಹೋಗಿತ್ತು. 15.6 ಇಂಚಿನ ಪರದೆಗೆ ಒಂದು ಗೀರೂ ಇರಲಿಲ್ಲ. ಮಗಳ ಓದಿಗೆ ಆಗುತ್ತದೆಂದು, ಪ್ಯಾನೆಲ್ಲಿನ ಬೆನ್ನ ಮೇಲಿದ್ದ ಮಾಡೆಲ್ ನಂಬರ್ ಬರೆದುಕೊಂಡು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಪರದೆಗೆ ಚಿತ್ರ ಕಳಿಸುವ ಕಂಟ್ರೋಲರ್ ಬೋರ್ಡ್, ಕೇಬಲ್, 12 ವೋಲ್ಟಿನ ಅಡಾಪ್ಟರ್ ತಂದೆ. ಅವತ್ತೇ ಸಂಜೆ ಎಚ್‌ಡಿಎಂಐ ಹಾಕಿದ ತಕ್ಷಣ ಚಿತ್ರ ಬಂತು. ಮಗಳು ಚಪ್ಪಾಳೆ ತಟ್ಟಿದಳು.

ಬೋರ್ಡಿನಿಂದ ಪರದೆಗೆ ಹೋಗುವ ಕೇಬಲ್ ಯಾಕೋ ಸಡಿಲ ಅನ್ನಿಸಿತು. ಅಡಾಪ್ಟರ್ ತೆಗೆಯದೆ ಹಾಗೇ ಕನೆಕ್ಟರ್ ಎಳೆದು ಮತ್ತೆ ಒತ್ತಿದೆ. ಎಲ್ಲ ಕೆಟ್ಟಿದ್ದು ಅಲ್ಲೇ. ಅದರಲ್ಲಿ 40 ಪಿನ್, ಒಂದರಿಂದ ಇನ್ನೊಂದಕ್ಕೆ ಅರ್ಧ ಮಿಲಿಮೀಟರ್ ಅಂತರ. ಒಂದು ತುದಿಯಲ್ಲಿ ಬ್ಯಾಕ್‌ಲೈಟಿನ, ಅಂದರೆ ಪರದೆಯ ಹಿಂದಿನ ಬೆಳಕಿನ, 12 ವೋಲ್ಟ್ ಬರುತ್ತದೆ, ಅದರ ಹತ್ತಿರದಲ್ಲೇ ಗ್ರೌಂಡ್ ಪಿನ್‌ಗಳು. ಕರೆಂಟ್ ಇರುವಾಗ ಕೂದಲೆಳೆಯಷ್ಟು ಓರೆಯಾದರೂ ಶಾರ್ಟ್. ಪರದೆ ಕಪ್ಪಾಯಿತು. ಬೋರ್ಡಿನ ಹಸಿರು ದೀಪ ಮಾತ್ರ ಉರಿಯುತ್ತಲೇ ಇತ್ತು.

ಬೋರ್ಡೇ ಹೋಯಿತೆಂದು 1,700 ರೂಪಾಯಿ ಕೊಟ್ಟು ಇನ್ನೊಂದು ತಂದೆ. ಅದಕ್ಕೂ ಅದೇ ಕತ್ತಲು. ಎರಡು ದಿನ ಬಿಟ್ಟು, ಮೇಜಿನಿಂದ ಬಿದ್ದ ಸ್ಕ್ರೂ ಹುಡುಕುವಾಗ ಮೊಬೈಲ್ ಟಾರ್ಚಿನ ಬೆಳಕು ಓರೆಯಾಗಿ ಪರದೆಗೆ ತಾಗಿತು. ಗಾಜಿನೊಳಗೆ ಬೂದಿ ಬಣ್ಣದಲ್ಲಿ ಫೋಲ್ಡರುಗಳು, ಮೂಲೆಯಲ್ಲಿ ಗಡಿಯಾರ. ಚಿತ್ರ ಬರುತ್ತಲೇ ಇತ್ತು, ಹಿಂದಿನ ಬೆಳಕು ಮಾತ್ರ ಇರಲಿಲ್ಲ. ಮೊದಲ ದಿನವೇ ಟಾರ್ಚ್ ಹಿಡಿದಿದ್ದರೆ ಎರಡನೇ ಬೋರ್ಡಿನ ದುಡ್ಡು ಉಳಿಯುತ್ತಿತ್ತು.

ಪ್ಯಾನೆಲ್ಲಿನ ಕನೆಕ್ಟರ್ ಪಕ್ಕದ ಕಪ್ಪು ಟೇಪ್ ಎತ್ತಿದರೆ ಸಾಸಿವೆ ಕಾಳಿನಷ್ಟು ಫ್ಯೂಸ್ ಇತ್ತು. ಮಲ್ಟಿಮೀಟರ್ ಇಟ್ಟೆ, ಬೀಪ್ ಬರಲಿಲ್ಲ, ಅಂದರೆ ಫ್ಯೂಸ್ ಹಾರಿತ್ತು. ರಿಪೇರಿ ಅಂಗಡಿಯೊಂದರಲ್ಲಿ ಕೇಳಿದಾಗ, "ಒಂದೆಳೆ ತಂತಿ ಹಾಕಿ ಸಾರ್, ಎಲ್ರೂ ಹಾಗೇ ಮಾಡೋದು" ಅಂದರು. ಹಾಕಿದೆ. ಪರದೆ ಒಂದು ಕ್ಷಣ ಬೆಳಗಿದ ಹಾಗಾಯಿತು, ಆಮೇಲೆ ಕೆಳ ಅಂಚಿನಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ, ಹೊಗೆ. ಪ್ಲಗ್ ಕೀಳುವಷ್ಟರಲ್ಲಿ ಬ್ಯಾಕ್‌ಲೈಟ್ ನಡೆಸುವ ಚಿಪ್ ಕಂದಿ ಉಬ್ಬಿತ್ತು. ಈಗ ಟಾರ್ಚ್ ಹಿಡಿದರೂ ಏನೂ ಕಾಣದು.

ಫ್ಯೂಸ್ ಹಾರಿದ್ದು ಅದರಾಚೆ ಶಾರ್ಟ್ ಇದ್ದುದಕ್ಕೆ. ಅಡಾಪ್ಟರ್ ತೆಗೆದು ಒಂದು ನಿಮಿಷ ಬಿಟ್ಟು, ಫ್ಯೂಸಿನ ಆಚೆ ತುದಿಗೂ ಗ್ರೌಂಡಿಗೂ ನಡುವೆ ಮಲ್ಟಿಮೀಟರಿನಲ್ಲಿ ಓಮ್ (ರೋಧ) ನೋಡಬೇಕಿತ್ತು. ಸೊನ್ನೆಯ ಹತ್ತಿರ ತೋರಿಸಿದರೆ ಹೊಸ ಫ್ಯೂಸೂ ಹಾರುತ್ತದೆ. ಹಾಗಿಲ್ಲದಿದ್ದರೆ ಅಷ್ಟೇ ಆಂಪಿಯರಿನ ಫ್ಯೂಸನ್ನೇ ಹಾಕಿ, ತಂತಿ ಬೇಡವೇ ಬೇಡ. ಅದಕ್ಕೂ ಮೊದಲು ಬೋರ್ಡಿನಲ್ಲಿ ಬ್ಯಾಕ್‌ಲೈಟಿಗೆಂದೇ ಇರುವ ಪುಟ್ಟ ಪ್ಲಗ್ ಪೂರ್ತಿ ಕೂತಿದೆಯೇ ನೋಡಿ, ಎಷ್ಟೋ ಸಲ ತೊಂದರೆ ಅಷ್ಟೇ ಇರುತ್ತದೆ. ಪ್ಯಾನೆಲ್‌ಗೆ ಎಷ್ಟು ವೋಲ್ಟ್ ಹೋಗಬೇಕೆಂದು ಆರಿಸುವ ಪುಟ್ಟ ಕ್ಲಿಪ್, ಅಂದರೆ ಜಂಪರನ್ನೂ ನೋಡಿಕೊಳ್ಳಿ. ಬೋರ್ಡಿನಲ್ಲಿ 3.3, 5, 12 ಮೂರೂ ಇರುತ್ತವೆ, ಲ್ಯಾಪ್‌ಟಾಪ್ ಪ್ಯಾನೆಲ್‌ಗಳಿಗೆ ಸಾಮಾನ್ಯವಾಗಿ 3.3. ತಪ್ಪಿ 12ಕ್ಕೆ ಇಟ್ಟರೆ ಪ್ಯಾನೆಲ್ ಉಳಿಯುವುದಿಲ್ಲ.

ಮೊನ್ನೆ ಗೆಳೆಯರೊಬ್ಬರು 2007ರ ಲ್ಯಾಪ್‌ಟಾಪ್ ಕೊಟ್ಟು "ಇದರದ್ದು ಹಾಕಿಕೊಳ್ಳಿ" ಅಂದರು. ಆ ಕಾಲದ ಬಹುಪಾಲು ಪ್ಯಾನೆಲ್‌ಗಳಲ್ಲಿ ಎಲ್‌ಇಡಿ ಇಲ್ಲ, ಪಾದರಸವಿರುವ ತೆಳ್ಳನೆಯ ಗಾಜಿನ ಟ್ಯೂಬ್. ಅದನ್ನು ಉರಿಸುವ ಇನ್ವರ್ಟರ್ ಎಂಬ ಪುಟ್ಟ ಸರ್ಕ್ಯೂಟ್ ನೂರಾರು ವೋಲ್ಟ್ ಹುಟ್ಟಿಸುತ್ತದೆ. ಮಗಳ ಕೈಗೆ ಸಿಗದಂತೆ ಅದನ್ನು ಬಿಚ್ಚದೆ ಅಟ್ಟದ ಮೇಲೆ ಇಟ್ಟಿದ್ದೇನೆ.